ಕಾಯಿಕೊರಕ

ವಿರಾಜಪೇಟೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಇಪ್ಪತ್ತೆರಡು ವರ್ಷ ಕಾಫಿಬೀಜ ಆರಿಸಿದವಳು.
ಸೂಜಿಮೊನೆಯಷ್ಟು ತೂತಿದ್ದರೂ
ಬೆರಳಿಗೇ ತಿಳಿಯುತ್ತದೆ.

ಹೊಟ್ಟೆಯೊಳಗಿನದು ತಿಳಿಯಲಿಲ್ಲ.
ಗ್ಯಾಸೆಂದು ಜೀರಿಗೆ ನೀರು ಕುಡಿದೆ,
ಕಾಚಂಪುಳಿ ಬಿಟ್ಟೆ, ಹಂದಿ ಬಿಟ್ಟೆ.
ಗಂಟಲಿಗೆ ಕರಿಯ ಕೊಳವೆ ಇಳಿಸಿ
ಡಾಕ್ಟರು ಎಂಟು ಚೂರು ಚಿವುಟಿದರು,
ನಾವು ಮೂಟೆಯಿಂದ ಸ್ಯಾಂಪಲ್ ತೆಗೆದಂತೆ.

ಲಿಂಫೋಮಾ, ಎಂದರು.
ತಂಗಿ ಬೋಜಕ್ಕಿ ಕುರ್ಚಿ ಹಿಡಿದುಕೊಂಡಳು.
ಜಠರದಲ್ಲೊಂದು ರೋಗಾಣು ಮನೆಮಾಡಿದೆ,
ಅದು ಸತ್ತರೆ ಇದೂ ಕರಗಬಹುದು.
ಬಹುದು.
ಹದಿನಾಲ್ಕು ದಿನ ಮಾತ್ರೆ;
ಅನ್ನವೂ ತಾಮ್ರದ ರುಚಿ.

ಮೂರು ತಿಂಗಳಿಗೆ ಮತ್ತೆ ಕೊಳವೆ.
ಅಲ್ಲಿಯವರೆಗೆ ಇದೇ ಮೇಜು, ಇದೇ ರಾಶಿ.
ಇವತ್ತು ಕೊರೆದ ಬೀಜವೊಂದನ್ನು ಎಸೆಯದೆ
ಕಿಟಕಿಯ ಬಿಸಿಲಿಗೆ ಹಿಡಿದೆ.
ಹುಳ ಹೋಗಿ ಎಷ್ಟು ದಿನವಾಗಿತ್ತೋ,
ತೂತಿನಲ್ಲಿ
ಬೆಳಕು.