ಕಲಂ ಇಪ್ಪತ್ತೇಳು

ಸೇಂಟ್ ಲೂಯಿಸಿನಿಂದ ಬಂತು ಅಜ್ಜನ ಕಡತದ ಜೆರಾಕ್ಸು.
ಬೆಂಕಿ ತಿಂದ ಅಂಚು ಕೂಡ ಕರ್ರಗೆ ಅಚ್ಚಾಗಿದೆ;
ಮುಟ್ಟಿದೆ, ಬೆರಳಿಗೆ ಮಸಿ ಹತ್ತಲಿಲ್ಲ.

ಕಲಂ ಇಪ್ಪತ್ತೇಳು, ಪದಕಗಳು: ಇಲ್ಲ.
ಕ್ವಾಸ್ನಿಕಾ ಎನ್ನಲು ನಾಲಿಗೆ ಹೊರಳದ ಯಾವನೋ ಗುಮಾಸ್ತ
ಕಾಸ್ನಿಕಾ ಎಂದು ಕುಟ್ಟಿದ್ದಾನೆ.

ತಿದ್ದುಪಡಿ ಅರ್ಜಿ ಬಿಡಿಸಿಟ್ಟು ಕೇಳಿದೆ:
"ಏನೇನು ತಪ್ಪಿದೆ ಹೇಳು, ಬರಕೋತೀನಿ."
ಹೊರಗೆ ನೆಬ್ರಾಸ್ಕ, ಬರೀ ಗಾಳಿ.
ಅಜ್ಜ ಎಡಗಾಲಿನ ಚೀಲ ಕಳಚಿದ.

"ಬೂಟಿನಳತೆ ಹತ್ತು ಅಂತಿದೆ.
ಎಡಗಾಲಿಗೆ ಎಂಟು ಅಂತ ತಿದ್ದು,
ಬೆರಳು ಕೊರಿಯಾದ ಹಿಮದಲ್ಲಿವೆ.
ಪದಕ ಆಮೇಲೆ.
ಮೊದಲು ಲೆರಾಯ್ ಹಕಬಿ ಅಂತ ಬರಿ.
ನನ್ನ ಹೊತ್ತವನು."

"ಅವನಿಗೆ ಇದರಲ್ಲಿ ಕಲಂ ಇಲ್ಲ ಅಜ್ಜ."

"ಅಂಚಿನಲ್ಲಿ ಬರಿ," ಅಂದ.

ಪೆನ್ನು ಹಿಡಿದು ಕೂತಿದ್ದೇನೆ.
ಅಂಚು ಪೂರ್ತಿ ಕಪ್ಪು.