ಒಂದಕ್ಕೆ ನಲವತ್ತೆಂಟು

ಶಿವಮೊಗ್ಗದ ನೆಹರೂ ರಸ್ತೆಯ ನನ್ನ ವಾಚ್ ಅಂಗಡಿಗೆ
ದೇವೋಜಿರಾಯರು ಬರುವುದು ಗಡಿಯಾರಕ್ಕಲ್ಲ.
ಮೊದಲು ಕಣ್ಣಿಗೆ ಸಿಕ್ಕಿಸುವ ಮಸೂರ, ಆಮೇಲೆ ಚಿಮುಟ,
ಹೋದ ವಾರ, ಸತ್ತ ಎಚ್ಚೆಮ್ಟಿಯೊಂದರ ಹಲ್ಲುಚಕ್ರ:
"ಗಾಲಿಗೂಡಿನ ಒಳಗೆ ಕೂರುತ್ತೆ ಮಾರಾಯ,
ಯಾರಿಗೂ ಕಾಣಲ್ಲ. ಇದ್ದರೆ ಸಾಕು."

ಇವತ್ತು ಬಿಸ್ಕತ್ತಿನ ಡಬ್ಬಿ ತೆರೆದರು.
ಹತ್ತಿಯ ಮೇಲೆ ಗೇಣುದ್ದದ ನ್ಯಾಟ್.
ಊದುಬತ್ತಿಯ ಕೆಂಡಕ್ಕೆ ಹಿಡಿದು ಎಳೆದ ಪ್ಲಾಸ್ಟಿಕ್ಕು
ಕೂದಲಾಗಿ, ಏರಿಯಲ್ಲಾಗಿ ನಿಂತಿದೆ.
ಬಾಲದ ಹೊಗೆಮಸಿ ಹೆಂಡತಿಯ ಕಾಡಿಗೆ ಡಬ್ಬಿಯದು,
ಕೇಳದೆ ತಂದದ್ದು.
ಪೈಲಟ್ ಬೊಂಬೆ ಮಾತ್ರ ಇನ್ನೂ ಚೌಕಟ್ಟಿಗೇ ಅಂಟಿಕೊಂಡಿದೆ.
"ಅವನ ಮೂಗು ಹಿಂಗಿರಲಿಲ್ಲ."

ಎಡರೆಕ್ಕೆಯ ಬುಡಕ್ಕೆ ಸೂಜಿಮೊನೆ ಇಟ್ಟರು:
"ಇಲ್ಲೊಂದು ತೂತು ಬೇಕು. ನನ್ನ ಕೈ ನಡುಗುತ್ತೆ.
ಎಪ್ಪತ್ತೊಂದರ ಡಿಸೆಂಬರು. ಟಾರ್ಚಿಗೆ ನೀಲಿ ಕಾಗದ.
ಕೈಗೆ ಸಿಕ್ಕ ಸ್ಕ್ರೂ ತಿರುಗಿಸಿದೆ,
ಎರಡು ಸುತ್ತು ಗಿಡ್ಡ, ಗೊತ್ತಿತ್ತು.
ವಿಮಾನ ಬಂತು. ಸ್ಕ್ರೂ ಬರಲಿಲ್ಲ.
ಅವನು ಇಳಿದು ಹೆಗಲು ತಟ್ಟಿ ಚಹಾ ಕುಡಿಯಲು ಹೋದ.
ಬೆಳಗಾಗುವ ಮೊದಲೇ
ಸರಿಯಾದದ್ದು ಹಾಕಿಬಿಟ್ಟೆ."

ನನ್ನಲ್ಲಿದ್ದ ಅತಿ ಸಣ್ಣ ಬೈರಿಗೆ ಹುಡುಕಿದೆ.
ಸಿಟಿ ಬಸ್ಸು ದಾಟಿ ಮೇಜಿನ ಅದುರು ನಿಲ್ಲಲಿ ಎಂದು ಕಾದೆ.
ಉಸಿರು ಬಿಗಿಹಿಡಿದು ಕೊರೆದೆ.
ರಾಗಿಕಾಳು ಅದರ ಮುಂದೆ ಬಂಡೆ.

ಊದಿ, ಬೆಳಕಿಗೆ ಹಿಡಿದು,
ಒಂದು ಗ್ರಾಹಕರು ಬಂದು ಹೋಗುವಷ್ಟು ಹೊತ್ತು ನೋಡಿದರು.
"ಪುಕ್ಕಟೆ ಬೇಡ. ಬಿಲ್ಲು ಹರಿ."

ಏನಂತ ಬರೆಯಲಿ ರಾಯರೇ?

ಡಬ್ಬಿಯ ಮುಚ್ಚಳ ಒತ್ತುತ್ತ ಅಂದರು,
"ರಿಪೇರಿ."