ಎಡಕ್ಕೆ ನಾಲ್ಕೂವರೆ ಸುತ್ತು

ಕಾಮಾಕ್ಷಿಪಾಳ್ಯದ ನೂರಾ ನಲವತ್ತಮೂರು ವಾಲ್ವುಗಳು
ಮೊದಲ ಸಲ ಹೋಗಿ ಬಿದ್ದದ್ದು
ಉತ್ತರ ಧ್ರುವದ ಹತ್ತಿರ, ಹಿಮಗಡಲಿಗೆ.
ಅಕ್ಷಾಂಶದ ಜಾಗದಲ್ಲಿ ರೇಖಾಂಶ ಕೊಟ್ಟಿದ್ದೆ,
ಅಷ್ಟೇ ತಪ್ಪು.
ಮುನಿಚೌಡಪ್ಪ ಪರದೆಗೆ ಬಗ್ಗಿ ನೋಡಿದರು.
'ಅಲ್ಲೇ ಇರ್ಲಿ ಬಿಡಿ ಮೇಡಂ,
ಯಾರೂ ಖಾಲಿ ಕೊಡ ಹಿಡ್ಕೊಂಡು ಜಗಳಕ್ಕೆ ಬರಲ್ಲ.'

ಬರುವ ಮಾರ್ಚಿಗೆ ಅವರ ನಿವೃತ್ತಿ.
ತಲೆಯಲ್ಲಿ ಇರುವುದನ್ನೆಲ್ಲ ಇಳಿಸಿಕೊಳ್ಳಿ, ಎಂದಿದ್ದರು ಇಂಜಿನಿಯರು,
ಟ್ಯಾಂಕರಿನಿಂದ ಸಂಪಿಗೆ ಇಳಿಸುವ ಹಾಗೆ.

ಹನ್ನೊಂದು ದಿನ ಹಿಂದೆ ಹಿಂದೆ ನಡೆದೆ.
ಅವರ ಹೆಗಲಿಗೆ ಆಳೆತ್ತರದ ಕಬ್ಬಿಣದ ಕೀಲಿ,
ನನ್ನ ಕೈಯಲ್ಲಿ ಬಿಸಿಲಿಗೆ ಏನೂ ಕಾಣದ ಫೋನು.
ಅವರ ಗುರುತಿಗೆ ಉಪಗ್ರಹ ಬೇಕಿಲ್ಲ:
ಕೋಳಿ ಅಂಗಡಿಯ ಮುಂದಿನ ಹಲಗೆ ಎತ್ತಬೇಕು,
ಲೇತ್ ಮಿಷನ್ನಿನ ಸದ್ದು ಬಲಗಿವಿಗೆ ಬಿದ್ದಲ್ಲಿ ನಿಲ್ಲಬೇಕು,
ಹೊಂಗೆಮರ ಇದ್ದ ಜಾಗದಿಂದ ಮೂರು ಹೆಜ್ಜೆ.
ಮರವೇ ಇಲ್ಲವಲ್ಲ?
'ಇದ್ದ ಜಾಗ ಅಂದೆನಲ್ಲ, ಮೇಡಂ.'

ಆಫೀಸಿನಲ್ಲಿ ಪದರದ ಮೇಲೆ ಪದರ ಹಾಸಿದೆ.
ಅಡಿಯಲ್ಲಿ ರಸ್ತೆ, ರಸ್ತೆಯ ಮೇಲೆ ಕೊಳವೆ, ಕೊಳವೆಯ ಮೇಲೆ ಚುಕ್ಕಿ.
ನೆಲದ ಲೆಕ್ಕ ಇಲ್ಲಿ ತಿರುವುಮುರುವು,
ಹೂತದ್ದೆಲ್ಲ ಮೇಲೆ ಬರಬೇಕು.
ಮುಚ್ಚಿದ ವಾಲ್ವಿಗೆ ಕೆಂಪು ಹಚ್ಚಿದ್ದೆ. ಅವರು ಒಪ್ಪಲಿಲ್ಲ.
'ಕೆಂಪು ಅಂದ್ರೆ ಕೆಟ್ಟೋಗಿದೆ ಅನ್ಕೋತಾರೆ.
ಅದು ಕಾಯ್ತಾ ಇದೆ, ಅಷ್ಟೆ.'
ಕಾಯುವುದಕ್ಕೆ ಯಾವ ಬಣ್ಣ?
ಪಟ್ಟಿಯೆಲ್ಲ ತಡಕಾಡಿ
ಒಣ ಹುಣಸೆಯ ಸಿಪ್ಪೆಯಂಥದೊಂದು ಹಚ್ಚಿದೆ.

ಇನ್ನು ವೆಬ್‌ಗೆ ಕಳಿಸುವುದು.
ಚುಕ್ಕಿ ಮುಟ್ಟಿದರೆ ಏನೇನು ತೆರೆಯಬೇಕು?
ತಂತ್ರಾಂಶ ಒಂದೊಂದೇ ಕೇಳುತ್ತದೆ, ಚೌಕದಲ್ಲಿ ಸರಿ ಗುರುತು ಹಾಕಬೇಕು.
ಸಂಖ್ಯೆ, ಹಾಕಿ. ವ್ಯಾಸ, ಹಾಕಿ. ಕೂರಿಸಿದ ವರ್ಷ, ಹಾಕಿ.
ಟಿಪ್ಪಣಿ?
ಅಲ್ಲಿ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದೆ.

೬೭: ಎಡಕ್ಕೆ ನಾಲ್ಕೂವರೆ ಸುತ್ತು.
ಐದಾಯಿತೋ, ಕೆಳಗಿನ ಬೀದಿಗೆ ಹನಿಯೂ ಇಲ್ಲ.
೯೧: ರಾತ್ರಿ ಮೂರಕ್ಕೇ ಬಿಡಬೇಕು,
ಗಾರ್ಮೆಂಟ್ಸಿನ ಹೆಂಗಸರು ನಾಲ್ಕಕ್ಕೆ ಏಳುತ್ತಾರೆ.
೧೧೨: ಕಾಗದದಲ್ಲಿ ಇಲ್ಲ.
ಇಪ್ಪತ್ತಾರು ಮನೆ ಕುಡಿಯುತ್ತವೆ.

'ಇದು ಯಾರ್ಯಾರಿಗೆ ಕಾಣತ್ತೆ?'
'ಎಲ್ಲರಿಗೂ.'
'ಎಲ್ಲರಿಗೂ ಅಂದ್ರೆ?'
'ಫೋನು ಇದ್ದವರಿಗೆಲ್ಲ.'
ಟೀ ಲೋಟದ ತಳದ ಸಕ್ಕರೆಯನ್ನು
ಬಹಳ ಹೊತ್ತು ಅಲ್ಲಾಡಿಸುತ್ತಾ ಕೂತರು.
ಬೇಡ ಅನ್ನಲಿಲ್ಲ. ಹೋಗಲಿ, ಅಂದಿದ್ದರೆ ಸುಲಭವಿತ್ತು.

ಆರೂವರೆಗೆ ಟಿಪ್ಪಣಿಯ ಸರಿ ಗುರುತು ತೆಗೆದೆ.
ನೂರಾ ಹನ್ನೆರಡನ್ನು ಅಳಿಸಲಿಲ್ಲ,
ಬೇರೆ ಪದರಕ್ಕೆ ಸರಿಸಿ ಅದರ ಕಣ್ಣು ಮುಚ್ಚಿದೆ.
ಕರೆಂಟು ಹೋಯಿತು, ಯುಪಿಎಸ್ ಗುಬ್ಬಿಯ ಹಾಗೆ ಕೂಗಿತು,
ನೂರಾರು ಪುಟ್ಟ ಕಡತಗಳು ಒಂದೊಂದಾಗಿ
ಸರ್ವರಿಗೆ ಏರಿದವು.
ಮರುದಿನ ಇಂಜಿನಿಯರು ಎಣಿಸಿದರು.
'ಒಂದು ಕಮ್ಮಿ ಇದೆಯಲ್ಲ?'
'ಡೂಪ್ಲಿಕೇಟ್ ಆಗಿತ್ತು ಸರ್.'
ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು
ನನಗೇ ಗೊತ್ತಿರಲಿಲ್ಲ.

ಮುನಿಚೌಡಪ್ಪ ತಮ್ಮ ಫೋನಿನಲ್ಲಿ ನಕ್ಷೆ ತೆರೆದು
ಅರವತ್ತೇಳರ ಪಕ್ಕದಲ್ಲೇ ನಿಂತಿದ್ದರು.
ಎರಡು ಬೆರಳಲ್ಲಿ ಬೀದಿಯನ್ನು ಹಿಗ್ಗಿಸಿದರು,
ಇನ್ನೂ, ಇನ್ನೂ,
ಮನೆ ದಾಟಿ, ಮೋರಿ ದಾಟಿ,
ಪರದೆ ಬೂದಿ ಬಣ್ಣಕ್ಕೆ ತಿರುಗುವವರೆಗೆ.
'ಒಳಗೆ ಹೋಗಲ್ವಾ ಇದು?'
'ಇಲ್ಲ. ಇಷ್ಟೇ.'

ಫೋನು ಜೇಬಿಗೆ ಹೋಯಿತು.
ಕೀಲಿಯನ್ನು ಗುಂಡಿಗೆ ಇಳಿಸಿ ನಾಲ್ಕೂವರೆ ತಿರುಗಿಸಿದರು,
ಹಿಡಿಗೆ ಕಿವಿಯಿಟ್ಟರು, ಕಣ್ಣು ಮುಚ್ಚಿದರು.
ಆಮೇಲೆ ಸರಿದು ಜಾಗ ಬಿಟ್ಟರು.
'ಕೇಳಿ.'

ನನಗೆ ಮಾಗಡಿ ರೋಡಿನ ಬಸ್ಸು ಕೇಳಿಸಿತು.
ಹಿಡಿಯನ್ನು ಸೆರಗಿನಿಂದ ಒರೆಸಿ
ಇನ್ನೊಂದು ಸಲ ಕಿವಿಯಿಟ್ಟೆ.